ಆದಾಯ ದುಪ್ಪಟ್ಟಾದರೂ ಊಟದ ಖರ್ಚು ದುಪ್ಪಟ್ಟಾಗುವುದಿಲ್ಲ, ಯಾಕೆ?

ಪ್ರಶ್ನೆ: ಐದು ವರ್ಷಗಳಲ್ಲಿ ನಮ್ಮ ಮನೆಯ ಆದಾಯ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ. ಖರ್ಚು ಬರೆದಿಡುವ ಅಭ್ಯಾಸವಿದೆ. ಹಳೆಯ ಲೆಕ್ಕ ತೆಗೆದು ನೋಡಿದರೆ ಊಟ-ತಿಂಡಿಯ ಖರ್ಚು ಅಷ್ಟೇನೂ ಏರಿಲ್ಲ. ಓಡಾಟ, ಮನರಂಜನೆಯ ಖರ್ಚು ಮಾತ್ರ ಎಲ್ಲಿಗೋ ಹೋಗಿದೆ. ಮೊದಲು ಕೊಳ್ಳುತ್ತಿದ್ದ ಕೆಲವನ್ನು ಈಗ ಮುಟ್ಟುವುದೇ ಇಲ್ಲ. ಉಳಿತಾಯವೂ ಅಂದುಕೊಂಡಷ್ಟು ಬೆಳೆದಿಲ್ಲ. ಆದಾಯ ಏರಿದಾಗ ಎಲ್ಲ ಖರ್ಚೂ ಒಂದೇ ಅಳತೆಯಲ್ಲಿ ಯಾಕೆ ಏರುವುದಿಲ್ಲ? ಇದಕ್ಕೊಂದು ನಿಯಮ ಇದೆಯೇ, ಅಥವಾ ಇದು ನಮ್ಮ ಮನೆಯವರ ಚಾಳಿಯೇ?

ಉತ್ತರ: ಚಾಳಿ ಅಲ್ಲ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಕಂಡದ್ದನ್ನು ಅರ್ಥಶಾಸ್ತ್ರಜ್ಞರು ಒಂದೂವರೆ ಶತಮಾನದಿಂದ, ದೇಶ ದೇಶಗಳ ಮನೆಗಳಲ್ಲಿ ನೋಡುತ್ತಾ ಬಂದಿದ್ದಾರೆ. ಆದಾಯ ಬೆಳೆದಾಗ ಖರ್ಚಿನ ಪಟ್ಟಿ ಫೋಟೋ ದೊಡ್ಡದು ಮಾಡಿದ ಹಾಗೆ ಎಲ್ಲ ಕಡೆ ಸಮನಾಗಿ ಹಿಗ್ಗುವುದಿಲ್ಲ. ಅದರ ಆಕಾರವೇ ಬದಲಾಗುತ್ತದೆ. ಕೆಲವು ಸಾಲು ಉದ್ದವಾಗುತ್ತವೆ, ಕೆಲವು ಇದ್ದಲ್ಲೇ ಇರುತ್ತವೆ, ಒಂದೆರಡು ಅಳಿಸಿಹೋಗುತ್ತವೆ.

ಮುಂದೆ ಹೋಗುವ ಮೊದಲು ಒಂದು ತಕರಾರು. ‘ಎರಡು ಪಟ್ಟು’ ಎಂದಿರಲ್ಲ, ಅದು ಕೈಗೆ ಬಂದ ಹಣದ ಲೆಕ್ಕ. ಈ ಐದು ವರ್ಷಗಳಲ್ಲಿ ಬೆಲೆಗಳೂ ಸುಮ್ನೆ ಕೂತಿರಲಿಲ್ಲ, ಅಲ್ವಾ? ಬೆಲೆಗಳು ಒಟ್ಟಾರೆ ಶೇ 30ರಷ್ಟು ಏರಿದ್ದವು ಎಂದಿಟ್ಟುಕೊಳ್ಳಿ. ಹಳೆಯ ಆದಾಯ 100 ಎಂದುಕೊಂಡರೆ ಈಗಿನ 200ನ್ನು 1.3ರಿಂದ ಭಾಗಿಸಬೇಕು. ಸಿಗುವುದು ಸುಮಾರು 154. ಅಂದರೆ ನಿಮ್ಮ ಕೊಳ್ಳುವ ಶಕ್ತಿ ಏರಿದ್ದು ಶೇ 54 ಮಾತ್ರ, ಶೇ 100 ಅಲ್ಲ. ‘ಇಷ್ಟು ದುಡಿದರೂ ಉಳಿಯುತ್ತಿಲ್ಲ’ ಎಂಬ ಗೊಣಗಾಟದ ಒಂದು ಭಾಗ ಇಲ್ಲೇ ಕರಗುತ್ತದೆ. ಮುಂದಿನ ಲೆಕ್ಕಗಳಲ್ಲೆಲ್ಲ ಬೆಲೆಯೇರಿಕೆಯನ್ನು ಕಳೆದೇ ಮಾತಾಡುತ್ತೇನೆ.

ಈಗ ನಿಯಮಕ್ಕೆ ಬರೋಣ. 1857ರಲ್ಲಿ ಜರ್ಮನಿಯ ಸ್ಯಾಕ್ಸನಿ ರಾಜ್ಯದ ಅಂಕಿಅಂಶ ಕಚೇರಿಯ ಮುಖ್ಯಸ್ಥರಾಗಿದ್ದವರು ಅರ್ನ್ಸ್ಟ್ ಎಂಗೆಲ್. ಮಾರ್ಕ್ಸ್ ಜೊತೆಗಾರ ಎಂಗೆಲ್ಸ್ ಬೇರೆ, ಇವರು ಬೇರೆ. ಎರಡು ವರ್ಷ ಮೊದಲು, 1855ರಲ್ಲಿ, ದುಕ್ಪೆಸಿಯೊ ಎಂಬವರು ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಖರ್ಚಿನ ವಿವರ ಸಂಗ್ರಹಿಸಿ ಪ್ರಕಟಿಸಿದ್ದರು. ಅದರಲ್ಲಿ ಕುಟುಂಬಗಳನ್ನು ಮೂರು ಗುಂಪು ಮಾಡಲಾಗಿತ್ತು: ಸಾರ್ವಜನಿಕ ನೆರವಿಲ್ಲದೆ ಬದುಕಲಾಗದವರು, ನೆರವಿಲ್ಲದೆ ಹೇಗೋ ಬದುಕುವವರು, ತಕ್ಕಮಟ್ಟಿಗೆ ನೆಮ್ಮದಿಯಾಗಿರುವವರು. ಎಂಗೆಲ್ ಈ ಮೂರೂ ಗುಂಪುಗಳ ಖರ್ಚನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಹಾರಕ್ಕೆ ಹೋಗುತ್ತಿದ್ದ ಪಾಲು ಮೊದಲ ಗುಂಪಿನಲ್ಲಿ ಸುಮಾರು ಶೇ 71, ಎರಡನೆಯದರಲ್ಲಿ ಶೇ 67, ಮೂರನೆಯದರಲ್ಲಿ ಶೇ 62. ಬಡವರಾದಷ್ಟೂ ಆಹಾರದ ಪಾಲು ಜಾಸ್ತಿ. ಇದೇ ಎಂಗೆಲ್ ನಿಯಮ.

ಗಮನಿಸಿ, ಅವರು ಹೇಳಿದ್ದು ಪಾಲಿನ ಬಗ್ಗೆ. ಉಳ್ಳವರು ಊಟಕ್ಕೆ ಕಡಿಮೆ ಹಣ ಹಾಕುತ್ತಾರೆ ಎಂದಲ್ಲ. ಹಾಕುವ ಹಣ ಜಾಸ್ತಿಯೇ. ಆದರೆ ಆದಾಯ ಏರಿದ ವೇಗಕ್ಕೆ ಆಹಾರದ ಖರ್ಚು ಏರುವುದಿಲ್ಲ, ಹಿಂದೆ ಬೀಳುತ್ತದೆ. ಈ ಎರಡನ್ನು ಕಲಸಿ ಮಾತಾಡುವುದು ಬಹಳ ಸಾಮಾನ್ಯ. ಇನ್ನೊಂದು ಕಲಬೆರಕೆಯೂ ಇದೆ. ಬಟ್ಟೆಯ ಪಾಲು, ಬಾಡಿಗೆಯ ಪಾಲು ಎಲ್ಲ ಆದಾಯಗಳಲ್ಲೂ ಒಂದೇ ಇರುತ್ತದೆ ಎಂದೂ ಎಂಗೆಲ್ ಹೇಳಿದರು ಅಂತ ಹಲವು ಪಠ್ಯಗಳಲ್ಲಿ ಓದುತ್ತೀರಿ. ಅದು ಎಂಗೆಲ್ ಮಾತಲ್ಲ. 1875ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಅಂಕಿಅಂಶ ಅಧಿಕಾರಿ ಕ್ಯಾರಲ್ ರೈಟ್ ತಮ್ಮ ವರದಿಯಲ್ಲಿ ಹಾಗೆ ಬರೆದರು, ಅದು ಎಂಗೆಲ್ ತಲೆಗೆ ಕಟ್ಟಿಕೊಂಡಿತು. ಎಂಗೆಲ್ ಅವರದೇ ಕೋಷ್ಟಕದಲ್ಲಿ ನೆಮ್ಮದಿಯ ಕುಟುಂಬಗಳ ಬಟ್ಟೆಯ ಪಾಲು ಬಡವರಿಗಿಂತ ಜಾಸ್ತಿ ಇತ್ತು.

ಆಹಾರದ ನಿಯಮ ಮಾತ್ರ ಗಟ್ಟಿ. ಅದರ ನೂರನೇ ವರ್ಷದಲ್ಲಿ, 1957ರಲ್ಲಿ, ಹೆಂಡ್ರಿಕ್ ಹೌಟ್ಹಾಕರ್ ಸುಮಾರು 30 ದೇಶಗಳ ಕುಟುಂಬ ಸಮೀಕ್ಷೆಗಳನ್ನು ಒಟ್ಟಿಗೆ ಹಾಕಿ ಪರೀಕ್ಷಿಸಿದರು. ಎಲ್ಲ ಕಡೆ ಅದೇ ಚಿತ್ರ. ಅರ್ಥಶಾಸ್ತ್ರದಲ್ಲಿ ಇಷ್ಟು ಕಾಲ, ಇಷ್ಟು ಕಡೆ ನಿಂತ ನಿಯಮ ಸಿಗುವುದು ಅಪರೂಪ.

ಕಾರಣ ಏನು? ಮೊದಲ ಉತ್ತರ ಎಲ್ಲರಿಗೂ ಹೊಳೆಯುವಂಥದ್ದೇ. ಹಸಿವಿಗೆ ಹೊಟ್ಟೆಯೇ ಮಿತಿ, ಮನೆ-ಬಟ್ಟೆ-ಅಲಂಕಾರದ ಆಸೆಗೆ ಅಂಥ ಮಿತಿ ಕಾಣದು ಎಂಬ ಅರ್ಥದಲ್ಲಿ ಆಡಂ ಸ್ಮಿತ್ 1776ರಲ್ಲೇ ಬರೆದಿದ್ದರು. ಆದರೆ ಹೊಟ್ಟೆ ತುಂಬಿದ ಮೇಲೂ ಆಹಾರದ ಖರ್ಚು ಏರುತ್ತಲೇ ಇರುತ್ತದಲ್ಲ, ಅದು ಹೇಗೆ? ಇಲ್ಲಿ ತೂಕ ಬೇರೆ, ಬೆಲೆ ಬೇರೆ. ಆದಾಯ ಏರಿದವರು ಹೆಚ್ಚು ಕಿಲೋ ಕೊಳ್ಳುವುದಿಲ್ಲ. ಕಿಲೋಗೆ ಹೆಚ್ಚು ಬೆಲೆ ಇರುವುದನ್ನು ಕೊಳ್ಳುತ್ತಾರೆ. ಚೆನ್ನಾಗಿ ಹಸನು ಮಾಡಿದ್ದು, ಪ್ಯಾಕ್ ಮಾಡಿದ್ದು, ಬೇರೆಯವರು ಬೇಯಿಸಿಕೊಟ್ಟದ್ದು. 1941ರಲ್ಲಿ ಮೆರಿಲ್ ಬೆನೆಟ್ ಇನ್ನೊಂದು ವಿಷಯ ತೋರಿಸಿದರು. ಜನರ ಆದಾಯ ಏರಿದಂತೆ ಅವರ ಒಟ್ಟು ಕ್ಯಾಲೊರಿಯಲ್ಲಿ ಧಾನ್ಯ, ಗೆಡ್ಡೆಗಳಿಂದ ಬರುವ ಭಾಗ ಕಡಿಮೆಯಾಗುತ್ತದೆ. ಹಣ್ಣು, ತರಕಾರಿ, ಹಾಲು, ಮಾಂಸ, ಎಣ್ಣೆಯ ಭಾಗ ಏರುತ್ತದೆ. ಹಾಗಾಗಿ ‘ಆಹಾರ’ ಎಂದು ಒಂದೇ ಸಾಲಿನಲ್ಲಿ ಬರೆದರೆ ಒಳಗಿನ ಕಥೆ ಮುಚ್ಚಿಹೋಗುತ್ತದೆ. ನಿಮ್ಮ ಪುಸ್ತಕದಲ್ಲೂ ಆ ಸಾಲನ್ನು ನಾಲ್ಕೈದು ತುಂಡು ಮಾಡಿ ನೋಡಿ. ಸ್ವಲ್ಪವೇ ಏರಿದೆ ಎಂದು ಕಾಣುವ ಸಾಲಿನೊಳಗೆ ಒಂದು ತುಂಡು ಜೋರಾಗಿ ಏರಿರುತ್ತದೆ, ಇನ್ನೊಂದು ಇಳಿದಿರುತ್ತದೆ.

ಒಂದು ಕಾಲ್ಪನಿಕ ಮನೆಯ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಯಾವ ದೇಶ, ಯಾವ ನಾಣ್ಯ ಎಂಬುದು ಇಲ್ಲಿ ಬೇಡ. ತಿಂಗಳ ಆದಾಯ 100. ಅದರಲ್ಲಿ ಆಹಾರಕ್ಕೆ 50, ಬಾಡಿಗೆಗೆ 20, ಬಟ್ಟೆಗೆ 10, ಸುತ್ತಾಟ-ಮನರಂಜನೆಗೆ 5, ಸೆಕೆಂಡ್ ಹ್ಯಾಂಡ್ ಸಾಮಾನು ಮತ್ತು ಅದರ ರಿಪೇರಿಗೆ 5, ಉಳಿತಾಯ 10. ಈಗ ಆದಾಯ 150 ಆಯಿತು. ಹೊಸ ಲೆಕ್ಕ ಹೀಗಿದೆ: ಆಹಾರ 60, ಬಾಡಿಗೆ 26, ಬಟ್ಟೆ 15, ಸುತ್ತಾಟ 14, ಸೆಕೆಂಡ್ ಹ್ಯಾಂಡ್ 3, ಉಳಿತಾಯ 32. ಕೂಡಿ ನೋಡಿ, 150 ಸರಿಹೋಗುತ್ತದೆ.

ಆದಾಯ ಏರಿದ್ದು ಶೇ 50. ಆಹಾರ ಏರಿದ್ದು 50ರಿಂದ 60ಕ್ಕೆ, ಅಂದರೆ ಶೇ 20. ಇಪ್ಪತ್ತನ್ನು ಐವತ್ತರಿಂದ ಭಾಗಿಸಿದರೆ 0.4. ಇದಕ್ಕೆ ಆದಾಯ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಹೆಸರು ನಾಲಿಗೆ ತೊಡರಿಸುತ್ತದೆ, ಅರ್ಥ ಸರಳ: ಆದಾಯ ಶೇ 1 ಏರಿದರೆ ಆ ಖರ್ಚು ಶೇ ಎಷ್ಟು ಏರುತ್ತದೆ ಎಂಬ ಸಂಖ್ಯೆ. ಬಾಡಿಗೆಗೆ ಅದು 0.6. ಬಟ್ಟೆಗೆ ಸರಿಯಾಗಿ 1. ಸುತ್ತಾಟ 5ರಿಂದ 14ಕ್ಕೆ ಹೋಯಿತು, ಶೇ 180 ಏರಿಕೆ, ಸಂಖ್ಯೆ 3.6. ಸೆಕೆಂಡ್ ಹ್ಯಾಂಡ್ ಸಾಮಾನು ಶೇ 40 ಇಳಿಯಿತು, ಸಂಖ್ಯೆ ಮೈನಸ್ 0.8. ಉಳಿತಾಯ 4.4.

ಸೊನ್ನೆಗೂ ಒಂದಕ್ಕೂ ನಡುವೆ ಇದ್ದರೆ ಅದು ಅಗತ್ಯದ ಸರಕು. ಒಂದಕ್ಕಿಂತ ಜಾಸ್ತಿ ಇದ್ದರೆ ಐಷಾರಾಮಿ. ಸೊನ್ನೆಗಿಂತ ಕೆಳಗಿದ್ದರೆ ಕೀಳು ಸರಕು. ಈ ‘ಕೀಳು’ ಎಂಬುದು ಗುಣಮಟ್ಟದ ತೀರ್ಪಲ್ಲ. ಆದಾಯ ಏರಿದಾಗ ಜನ ಬಿಟ್ಟುಬಿಡುವ ಸರಕು ಅಂತಷ್ಟೇ. ನೀವು ಈಗ ಮುಟ್ಟುವುದೇ ಇಲ್ಲ ಎಂದಿರಲ್ಲ, ಆ ವಸ್ತುಗಳೆಲ್ಲ ನಿಮ್ಮ ಮನೆಯ ಮಟ್ಟಿಗೆ ಇಲ್ಲಿ ಬರುತ್ತವೆ.

ಈಗ ಈ ಲೆಕ್ಕದ ಸ್ವಾರಸ್ಯ ನೋಡಿ. ಪ್ರತಿಯೊಂದು ಸಂಖ್ಯೆಯನ್ನೂ ಅದರ ಮೊದಲಿನ ಪಾಲಿನಿಂದ ಗುಣಿಸಿ. ಆಹಾರ: 0.5 ಗುಣಿಸು 0.4, ಅಂದರೆ 0.20. ಬಾಡಿಗೆ 0.12. ಬಟ್ಟೆ 0.10. ಸುತ್ತಾಟ 0.18. ಸೆಕೆಂಡ್ ಹ್ಯಾಂಡ್ ಮೈನಸ್ 0.04. ಉಳಿತಾಯ 0.44. ಎಲ್ಲ ಕೂಡಿಸಿದರೆ ಸರಿಯಾಗಿ 1. ಇದು ಕಾಕತಾಳೀಯ ಅಲ್ಲ. ಬಂದ ಹಣ ಎಲ್ಲಾದರೂ ಹೋಗಲೇಬೇಕು, ಖರ್ಚಿಗೋ ಉಳಿತಾಯಕ್ಕೋ. ಹಾಗಾಗಿ ಪಾಲಿನ ತೂಕ ಹಾಕಿದ ಸರಾಸರಿ ಯಾವಾಗಲೂ 1 ಆಗಲೇಬೇಕು. ಇದರಿಂದ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಪಟ್ಟಿಯ ಅರ್ಧ ತಿನ್ನುವ ಆಹಾರ 0.4ರಲ್ಲಿ ಕುಂಟುತ್ತಿದ್ದರೆ, ಇನ್ನೆಲ್ಲೋ ಒಂದು ಸಾಲು ಒಂದಕ್ಕಿಂತ ಜೋರಾಗಿ ಓಡಲೇಬೇಕು. ನಿಮ್ಮ ಮನೆಯಲ್ಲಿ ಓಡಾಟ, ಮನರಂಜನೆ ‘ಎಲ್ಲಿಗೋ ಹೋಗಿದ್ದು’ ಶಿಸ್ತು ತಪ್ಪಿದ್ದರಿಂದ ಅಂತಲೇ ಅಂದುಕೊಳ್ಳಬೇಕಿಲ್ಲ. ಊಟ ಬಿಟ್ಟುಕೊಟ್ಟ ಜಾಗವನ್ನು ಯಾವುದಾದರೂ ತುಂಬಲೇಬೇಕಿತ್ತು. ಅದನ್ನು ಮನರಂಜನೆ ತುಂಬಬೇಕೋ ಉಳಿತಾಯ ತುಂಬಬೇಕೋ ಎಂಬುದಷ್ಟೇ ನಿಮ್ಮ ಕೈಯಲ್ಲಿತ್ತು.

ಇದೇ ಲೆಕ್ಕದಲ್ಲಿ ಇನ್ನೊಂದು ಕಣ್ಣು ತೆರೆಸುವ ಅಂಶ ಇದೆ. ಹೊಸದಾಗಿ ಬಂದ 50ರಲ್ಲಿ ಆಹಾರಕ್ಕೆ ಹೋದದ್ದು 10, ಅಂದರೆ ಶೇ 20. ಹಳೆಯ ನೂರರಲ್ಲಿ ಹೋಗುತ್ತಿದ್ದದ್ದು ಶೇ 50. ಆದ್ದರಿಂದ ‘ನಮ್ಮ ಮನೆಯಲ್ಲಿ ಅರ್ಧ ಹಣ ಊಟಕ್ಕೆ’ ಎಂದು ತಿಳಿದವರು, ಮುಂದೆ ಬರುವ ಹಣದಲ್ಲೂ ಅರ್ಧ ಊಟಕ್ಕೆ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ ಎಡವುತ್ತಾರೆ. ಸರಾಸರಿ ಒಂದು ಕಥೆ ಹೇಳುತ್ತದೆ, ಮುಂದಿನ ಹಣ ಬೇರೆಯದೇ ಕಥೆ ಹೇಳುತ್ತದೆ. ನನಗೆ ಕೇಳಿದರೆ, ಮನೆಯ ಬಜೆಟ್ ಬಗ್ಗೆ ಬರುವ ಸಲಹೆಗಳಲ್ಲಿ ಅರ್ಧಕ್ಕರ್ಧ ಈ ವ್ಯತ್ಯಾಸವನ್ನೇ ಮರೆತಿರುತ್ತವೆ. ಎಲ್ಲ ಮನೆಗೂ, ಎಲ್ಲ ಆದಾಯಕ್ಕೂ ಇಷ್ಟು ಶೇಕಡ ಅಗತ್ಯಕ್ಕೆ, ಇಷ್ಟು ಶೇಕಡ ಆಸೆಗೆ ಎಂದು ಒಂದೇ ಸೂತ್ರ ಕೊಡುವವರು ಎಂಗೆಲ್ ಹೆಸರು ಕೇಳಿದಂತಿಲ್ಲ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತಿದೆ. ಅಗತ್ಯ, ಐಷಾರಾಮಿ, ಕೀಳು ಎಂಬುದು ವಸ್ತುವಿನ ಹಣೆಯಲ್ಲಿ ಬರೆದಿರುವುದಿಲ್ಲ. ಅದು ಆ ವಸ್ತುವಿಗೂ ಕೊಳ್ಳುವವರ ಆದಾಯಕ್ಕೂ ಇರುವ ಸಂಬಂಧ. ಸಾದಾ ಮೊಬೈಲ್ ಫೋನನ್ನೇ ತೆಗೆದುಕೊಳ್ಳಿ. ತೀರಾ ಕಡಿಮೆ ಆದಾಯದ ಮನೆಯಲ್ಲಿ ಅದು ಐಷಾರಾಮಿ. ಸ್ವಲ್ಪ ಹಣ ಬಂದ ಕೂಡಲೇ ಅದರ ಮೇಲಿನ ಖರ್ಚು ಸೊನ್ನೆಯಿಂದ ಜಿಗಿಯುತ್ತದೆ. ಇನ್ನೊಂದು ಮೆಟ್ಟಿಲು ಮೇಲೆ ಹೋದರೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಇರುತ್ತದೆ, ಖರ್ಚು ಆದಾಯಕ್ಕಿಂತ ನಿಧಾನವಾಗಿ ಏರುತ್ತದೆ. ಆಗ ಅದು ಅಗತ್ಯ. ಇನ್ನೂ ಮೇಲೆ ಹೋದರೆ ಸ್ಮಾರ್ಟ್‌ಫೋನ್ ಬರುತ್ತದೆ, ಸಾದಾ ಫೋನ್ ಮೂಲೆ ಸೇರುತ್ತದೆ. ಆಗ ಅದು ಕೀಳು ಸರಕು. ಫೋನ್ ಅದೇ, ಬದಲಾದದ್ದು ಆದಾಯ. ಬಸ್ ಟಿಕೆಟ್, ಸೈಕಲ್, ಚಿಕ್ಕ ಟಿವಿ ಎಲ್ಲದರ ಕಥೆಯೂ ಹೀಗೇ. ಆದಾಯವನ್ನು ಅಡ್ಡಕ್ಕೂ ಖರ್ಚನ್ನು ಮೇಲಕ್ಕೂ ಇಟ್ಟು ಗೆರೆ ಎಳೆದರೆ ಅದಕ್ಕೆ ಎಂಗೆಲ್ ರೇಖೆ ಎನ್ನುತ್ತಾರೆ. ಆ ಗೆರೆ ನೇರವಾಗಿ ಇರುವುದು ಕಡಿಮೆ. ಏರಿ, ಬಾಗಿ, ಕೆಲವೊಮ್ಮೆ ಇಳಿಯುತ್ತದೆ.

ಸುತ್ತಲಿನ ಸಮಾಜವೂ ಇದರಲ್ಲಿ ಕೈ ಹಾಕುತ್ತದೆ. ಆಡಂ ಸ್ಮಿತ್ ಕಾಲದ ಯುರೋಪಿನ ಉದಾಹರಣೆಯೇ ಇದೆ. ಲಿನನ್ ಅಂಗಿ ಇಲ್ಲದೆ ಯಾರೂ ಸಾಯುವುದಿಲ್ಲ, ಆದರೆ ಮಾನವಂತ ಕೂಲಿಕಾರ ಕೂಡ ಅದಿಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಆದ್ದರಿಂದ ಅದು ಅಗತ್ಯವೇ ಎಂದು ಅವರು ವಾದಿಸಿದ್ದರು. ಇಂದಿಗೆ ಅಂಗಿಯ ಜಾಗದಲ್ಲಿ ಇಂಟರ್ನೆಟ್ ಸಂಪರ್ಕ ಇಟ್ಟು ಓದಿಕೊಳ್ಳಬಹುದು.

ಕೀಳು ಸರಕಿನ ವಿಷಯ ಬಂದದ್ದರಿಂದ ಒಂದು ವಿಚಿತ್ರ ಪ್ರಕರಣ ಹೇಳಿಬಿಡುತ್ತೇನೆ. ಒಂದು ವಸ್ತುವಿನ ಬೆಲೆ ಇಳಿದರೆ ಅದನ್ನು ಜಾಸ್ತಿ ಕೊಳ್ಳುತ್ತೇವೆ ಎಂಬುದು ಎಲ್ಲರ ನಂಬಿಕೆ. ಆದರೆ ಬೆಲೆ ಇಳಿಯುವುದು ಎಂದರೆ ಒಂದು ಬಗೆಯಲ್ಲಿ ಆದಾಯ ಏರಿದ ಹಾಗೆಯೇ, ಕೈಯಲ್ಲಿ ಒಂದಿಷ್ಟು ಹಣ ಮಿಗುತ್ತದೆ. ಈ ಎರಡು ಪರಿಣಾಮಗಳನ್ನು ರಷ್ಯಾದ ಯೆವ್ಗೆನಿ ಸ್ಲಟ್ಸ್‌ಕಿ 1915ರಲ್ಲಿ ಗಣಿತದಲ್ಲಿ ಬೇರ್ಪಡಿಸಿದರು. ವಸ್ತು ಬಲವಾದ ಕೀಳು ಸರಕಾಗಿದ್ದು, ಮನೆಯ ಖರ್ಚಿನ ದೊಡ್ಡ ಭಾಗ ಅದಕ್ಕೇ ಹೋಗುತ್ತಿದ್ದರೆ, ಬೆಲೆ ಇಳಿದಾಗ ಜನ ಅದನ್ನು ಕಡಿಮೆ ಕೊಳ್ಳಲೂಬಹುದು. ಇದನ್ನು ಗಿಫನ್ ಸರಕು ಎನ್ನುತ್ತಾರೆ. ಬಹಳ ಕಾಲ ಇದು ಪುಸ್ತಕದ ಬದನೆಕಾಯಿಯೇ ಆಗಿತ್ತು. ಐರ್ಲೆಂಡಿನ ಬರಗಾಲದ ಆಲೂಗಡ್ಡೆಯನ್ನು ಉದಾಹರಣೆ ಕೊಡುತ್ತಿದ್ದರು, ಅದಕ್ಕೆ ಸರಿಯಾದ ಪುರಾವೆ ಇರಲಿಲ್ಲ. 2008ರಲ್ಲಿ ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಚೀನಾದ ಹುನಾನ್ ಪ್ರಾಂತ್ಯದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬಡ ಕುಟುಂಬಗಳಿಗೆ ಅಕ್ಕಿಯ ಮೇಲೆ ರಿಯಾಯಿತಿ ಚೀಟಿ ಕೊಟ್ಟಿದ್ದರು. ಅಕ್ಕಿ ಅಗ್ಗವಾಯಿತು, ಆದರೆ ಅಕ್ಕಿಯ ಬಳಕೆ ಇಳಿಯಿತು. ಅಕ್ಕಿಯಲ್ಲಿ ಮಿಕ್ಕ ಹಣದಲ್ಲಿ ರುಚಿಯಾದ ಬೇರೆ ಪದಾರ್ಥ ಕೊಂಡರು, ಅಷ್ಟು ಅಕ್ಕಿ ಬೇಡವಾಯಿತು. ತೀರಾ ಕಡುಬಡವರಲ್ಲಿ ಮಾತ್ರ ಇದು ಕಾಣಲಿಲ್ಲ. ಅವರಿಗೆ ಇನ್ನೂ ಹೊಟ್ಟೆ ತುಂಬಿಸುವುದೇ ಮೊದಲ ಕೆಲಸ. ಒಂದೇ ಊಟ, ಆದಾಯ ಸ್ವಲ್ಪ ಆಚೀಚೆಯಾದರೆ ವರ್ತನೆ ಬೇರೆ.

ಇನ್ನು ಉಳಿತಾಯ. ಇದು ನಿಮ್ಮ ಪ್ರಶ್ನೆಯ ನೋವಿನ ಭಾಗ ಎಂದು ಕಾಣುತ್ತದೆ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

1936ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ಹೇಳಿದ್ದು ಇಷ್ಟು: ಆದಾಯ ಏರಿದಾಗ ಜನ ಖರ್ಚನ್ನೂ ಏರಿಸುತ್ತಾರೆ, ಆದರೆ ಆದಾಯ ಏರಿದಷ್ಟು ಅಲ್ಲ. ಒಂದೇ ವರ್ಷದಲ್ಲಿ ಬೇರೆ ಬೇರೆ ಮನೆಗಳನ್ನು ಹೋಲಿಸಿದರೆ ಇದು ಸರಿ. ಹೆಚ್ಚು ಆದಾಯದವರು ಹೆಚ್ಚಿನ ಪಾಲು ಉಳಿಸುತ್ತಾರೆ. ಹಾಗಾದರೆ ಇಡೀ ದೇಶ ಶ್ರೀಮಂತವಾದಂತೆ ಉಳಿತಾಯದ ಪಾಲು ಏರುತ್ತಾ ಹೋಗಬೇಕಿತ್ತು. 1940ರ ದಶಕದಲ್ಲಿ ಸೈಮನ್ ಕುಜ್ನೆಟ್ಸ್ ಅಮೆರಿಕದ ದಶಕಗಳ ಲೆಕ್ಕ ತೆಗೆದರು. ಆದಾಯ ಎಷ್ಟೋ ಪಟ್ಟು ಬೆಳೆದಿತ್ತು, ಉಳಿತಾಯದ ಪಾಲು ಮಾತ್ರ ಹೆಚ್ಚುಕಡಿಮೆ ಅಲ್ಲೇ ಇತ್ತು. ನಿಮ್ಮ ಮನೆಯ ಕಥೆಯೇ, ದೇಶದ ಅಳತೆಯಲ್ಲಿ.

ಈ ಒಗಟಿಗೆ ಮೂರು ಹೆಸರಾಂತ ಉತ್ತರಗಳು ಬಂದವು. ಜೇಮ್ಸ್ ಡ್ಯೂಸನ್‌ಬರಿ 1949ರಲ್ಲಿ ಹೇಳಿದ್ದು: ಜನ ತಮ್ಮ ಆದಾಯವನ್ನು ಅಕ್ಕಪಕ್ಕದವರ ಆದಾಯದ ಜೊತೆ ಇಟ್ಟು ನೋಡುತ್ತಾರೆ. ನಿಮ್ಮ ಜೊತೆಗೆ ಎಲ್ಲರ ಆದಾಯವೂ ಏರಿದರೆ ನಿಮ್ಮ ಸ್ಥಾನ ಬದಲಾಗಿಲ್ಲ, ಆದ್ದರಿಂದ ಉಳಿತಾಯದ ಪಾಲೂ ಬದಲಾಗುವುದಿಲ್ಲ. ಫ್ರಾಂಕೊ ಮೊಡಿಲಿಯಾನಿ ಮತ್ತು ರಿಚರ್ಡ್ ಬ್ರುಂಬರ್ಗ್ 1954ರಲ್ಲಿ ವಯಸ್ಸನ್ನು ತಂದರು. ದುಡಿಯುವ ವಯಸ್ಸಿನಲ್ಲಿ ಉಳಿಸುತ್ತೇವೆ, ಮುಪ್ಪಿನಲ್ಲಿ ಕರಗಿಸುತ್ತೇವೆ. ಮಿಲ್ಟನ್ ಫ್ರೀಡ್‌ಮನ್ 1957ರಲ್ಲಿ ಆದಾಯವನ್ನೇ ಎರಡು ಮಾಡಿದರು, ಕಾಯಂ ಎಂದು ನಂಬಿದ್ದು ಮತ್ತು ಆಕಸ್ಮಿಕವಾಗಿ ಬಂದದ್ದು. ಖರ್ಚು ನಡೆಯುವುದು ಮೊದಲನೆಯದರ ಮೇಲೆ.

ಮೂರರಲ್ಲಿ ನಿತ್ಯದ ಬದುಕಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಫ್ರೀಡ್‌ಮನ್ ವಿಂಗಡಣೆ ಎಂದು ನನ್ನ ಅನಿಸಿಕೆ. ಸಂಬಳ ಏರಿದರೆ ಜನ ಬಾಡಿಗೆ ಮನೆ ಬದಲಿಸುತ್ತಾರೆ, ಕಂತಿನ ಮೇಲೆ ವಾಹನ ಕೊಳ್ಳುತ್ತಾರೆ. ಅದು ಪ್ರತಿ ತಿಂಗಳೂ ಬರುವ ಹಣ ಎಂಬ ನಂಬಿಕೆ. ಒಮ್ಮೆ ಬಂದ ಬೋನಸ್ ಬೇರೆ ದಾರಿ ಹಿಡಿಯುತ್ತದೆ: ಸಾಲ ತೀರಿಸಲು, ಫ್ರಿಜ್ ಕೊಳ್ಳಲು, ಬ್ಯಾಂಕಿಗೆ ಹಾಕಲು. ಆದರೆ ಸಿದ್ಧಾಂತ ಹೇಳುವಷ್ಟು ಶಿಸ್ತು ಜನರಲ್ಲಿ ಇಲ್ಲ. 2001ರಲ್ಲಿ ಅಮೆರಿಕ ಸರ್ಕಾರ ತೆರಿಗೆ ವಾಪಸಾತಿಯ ಚೆಕ್‌ಗಳನ್ನು ಕಳಿಸಿತು, ಹೆಚ್ಚಿನ ಕುಟುಂಬಗಳಿಗೆ 300 ಅಥವಾ 600 ಡಾಲರ್. ಡೇವಿಡ್ ಜಾನ್ಸನ್, ಜೊನಾಥನ್ ಪಾರ್ಕರ್, ನಿಕೊಲಸ್ ಸೊಲೆಲೆಸ್ ಅದರ ಲೆಕ್ಕ ಹಿಂಬಾಲಿಸಿದರು. ಚೆಕ್ ಬಂದ ಮೂರು ತಿಂಗಳ ಅವಧಿಯಲ್ಲೇ ಅದರ ಶೇ 20ರಿಂದ 40ರಷ್ಟು ಬೇಗ ಮುಗಿದುಹೋಗುವ ವಸ್ತುಗಳಿಗೆ ಖರ್ಚಾಗಿತ್ತು. ಕಡಿಮೆ ಆದಾಯದವರು, ಕೈಯಲ್ಲಿ ನಗದು ಇಲ್ಲದವರು ಹೆಚ್ಚು ಖರ್ಚು ಮಾಡಿದ್ದರು. ಅವರು ದುಂದುಗಾರರು ಎಂದಲ್ಲ. ಬೇಕಾದದ್ದನ್ನು ಮುಂದೂಡುತ್ತಾ ಬಂದಿದ್ದರು.

ಡ್ಯೂಸನ್‌ಬರಿ ಮಾತಿಗೂ ಬೆಂಬಲ ಇದೆ. ಒರಿ ಹೆಫೆಟ್ಸ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಜನರಿಗೆ ಒಂದು ಸರಳ ಪ್ರಶ್ನೆ ಕೇಳಿದರು: ಒಬ್ಬರು ಈ ವಸ್ತುವಿಗೆ ಸರಾಸರಿಗಿಂತ ಜಾಸ್ತಿ ಖರ್ಚು ಮಾಡುತ್ತಿದ್ದರೆ ನಿಮಗೆ ಎಷ್ಟು ಬೇಗ ಗೊತ್ತಾಗುತ್ತದೆ? ಕಾರು, ಬಟ್ಟೆ, ಸಿಗರೇಟು ಬೇಗ ಕಣ್ಣಿಗೆ ಬೀಳುವವು. ವಿಮೆ, ಒಳಉಡುಪು ಯಾರಿಗೂ ಕಾಣದವು. ನಂತರ ಈ ‘ಕಾಣುವಿಕೆ’ಯನ್ನು ಆದಾಯ ಸ್ಥಿತಿಸ್ಥಾಪಕತ್ವದ ಜೊತೆ ಹೋಲಿಸಿದರು. ವಸ್ತುಗಳ ನಡುವಿನ ಏರುಪೇರಿನಲ್ಲಿ ಮೂರನೇ ಒಂದು ಭಾಗದವರೆಗೆ ಇದೊಂದರಿಂದಲೇ ವಿವರಿಸಬಹುದು ಎಂದು 2011ರಲ್ಲಿ ಬರೆದರು. ಆದಾಯ ಏರಿದಾಗ ನಾಲ್ಕು ಜನರಿಗೆ ಕಾಣುವ ಖರ್ಚು ಒಟ್ಟಾರೆ ಜೋರಾಗಿ ಓಡುತ್ತದೆ. ಉಳಿತಾಯ ಯಾರಿಗೂ ಕಾಣುವುದಿಲ್ಲ, ಅಲ್ವಾ?

ಆದಾಯ ಇಳಿದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಏರುವಾಗ ಹತ್ತಿದ ಮೆಟ್ಟಿಲಿನಲ್ಲೇ ಇಳಿಯಲಾಗದು. ಬಾಡಿಗೆ, ಸಾಲದ ಕಂತು, ಶಾಲೆಯ ಶುಲ್ಕ ಇವೆಲ್ಲ ಕಟ್ಟಿಹಾಕಿದ ಖರ್ಚುಗಳು. ಅರ್ಧ ಮನೆ ಖಾಲಿ ಮಾಡಲು, ಮುಕ್ಕಾಲು ಕಂತು ಕಟ್ಟಲು ಬರುವುದಿಲ್ಲ. ಹಾಗಾಗಿ ಆದಾಯ ಸ್ವಲ್ಪ ಕುಸಿದರೆ ಕತ್ತರಿ ಬೀಳುವುದು ಸಡಿಲ ಖರ್ಚುಗಳ ಮೇಲೆ, ಅದೂ ಜೋರಾಗಿ. ಮನರಂಜನೆ, ಬಟ್ಟೆ, ಊಟದ ಗುಣಮಟ್ಟ. ಬಾಳಿಕೆ ಬರುವ ವಸ್ತುಗಳ ಖರೀದಿ ನಿಂತೇಬಿಡುತ್ತದೆ, ಹಳೆಯ ವಾಷಿಂಗ್ ಮಶೀನ್ ಇನ್ನೊಂದು ವರ್ಷ ತಿರುಗಿದರೆ ಆಯಿತು. ಆರ್ಥಿಕ ಹಿಂಜರಿತ ಬಂದಾಗ ಕಾರು ಕಂಪನಿಗಳಿಗೆ ಬೀಳುವ ಪೆಟ್ಟು ಸೋಪು ಕಂಪನಿಗಳಿಗೆ ಬೀಳದಿರುವುದು ಇದಕ್ಕೇ.

ಬೆಲೆಯೇರಿಕೆಯೂ ಎಲ್ಲರಿಗೂ ಒಂದೇ ಅಲ್ಲ ಎಂಬುದು ಎಂಗೆಲ್ ನಿಯಮದಿಂದ ತಾನಾಗಿ ಹೊರಡುತ್ತದೆ. ಆಹಾರದ ಬೆಲೆ ಶೇ 10 ಏರಿದರೆ, ಅರ್ಧ ಖರ್ಚು ಆಹಾರಕ್ಕೇ ಹೋಗುವ ಮನೆಗೆ ಶೇ 5ರಷ್ಟು ಹೊಡೆತ. ಐದನೇ ಒಂದು ಭಾಗ ಹೋಗುವ ಮನೆಗೆ ಶೇ 2. ಸುದ್ದಿಯಲ್ಲಿ ಬರುವ ಹಣದುಬ್ಬರದ ಒಂದೇ ಸಂಖ್ಯೆ ಇಬ್ಬರ ಅನುಭವವನ್ನೂ ಹೇಳಲಾರದು.

ಹಾಗೆಯೇ ‘ಮನೆಯ ಆದಾಯ’ ಎಂದು ಒಂದೇ ಮೊತ್ತ ಬರೆಯುವುದರಲ್ಲೂ ಒಂದು ಮೋಸ ಇದೆ. ಹಣ ಯಾರ ಕೈಗೆ ಬರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯಲ್ಲಿ ಮಕ್ಕಳ ಭತ್ಯೆಯ ವ್ಯವಸ್ಥೆ ಬದಲಾಯಿತು. ಅದುವರೆಗೆ ಅದರ ದೊಡ್ಡ ಭಾಗ ತೆರಿಗೆ ವಿನಾಯಿತಿಯ ರೂಪದಲ್ಲಿ ತಂದೆಯ ಸಂಬಳಕ್ಕೆ ಸೇರುತ್ತಿತ್ತು. ಆಮೇಲೆ ನಗದಾಗಿ ತಾಯಿಯ ಕೈಗೆ ಬಂತು. ಶೆಲ್ಲಿ ಲುಂಡ್‌ಬರ್ಗ್, ರಾಬರ್ಟ್ ಪೊಲಾಕ್, ಟೆರೆನ್ಸ್ ವೇಲ್ಸ್ 1997ರಲ್ಲಿ ಇದನ್ನು ಪರಿಶೀಲಿಸಿದರು. ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ ಮತ್ತು ಮಕ್ಕಳ ಬಟ್ಟೆಯ ಖರ್ಚು ಏರಿತ್ತು. ನಿಮ್ಮ ಮನೆಯಲ್ಲಿ ಆದಾಯ ಏರಿದ್ದು ಯಾರದ್ದು? ಒಬ್ಬರ ಸಂಬಳ ಏರಿದ್ದೋ, ಇನ್ನೊಬ್ಬರು ಕೆಲಸಕ್ಕೆ ಸೇರಿದ್ದೋ? ಎರಡನೆಯದಾದರೆ ಓಡಾಟದ ಖರ್ಚು, ಹೊರಗಿನ ಊಟ, ಮನೆಗೆಲಸದ ಸಹಾಯಕ್ಕೆ ಕೊಡುವ ಹಣ ಏರಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಅಲ್ಲಿ ಹಣ ಬಂತು, ಸಮಯ ಹೋಯಿತು. ಆ ಖರ್ಚಿನ ಒಂದು ಭಾಗ ಸಮಯವನ್ನು ಕೊಂಡದ್ದು, ಅದನ್ನು ಐಷಾರಾಮಿ ಎಂದು ಬರೆಯಲು ನನಗೆ ಮನಸ್ಸಿಲ್ಲ.

ನಿಮ್ಮ ಲೆಕ್ಕದ ಪುಸ್ತಕ ಇಟ್ಟುಕೊಂಡು ಈ ಸಂಖ್ಯೆಗಳನ್ನು ನೀವೇ ತೆಗೆಯಬಹುದು. ಒಂದು ತಿಂಗಳನ್ನು ಇನ್ನೊಂದು ತಿಂಗಳ ಜೊತೆ ಹೋಲಿಸಬೇಡಿ. ಹಬ್ಬ, ಮದುವೆ, ಶುಲ್ಕ ಎಲ್ಲ ಸೇರಿ ಚಿತ್ರ ಕೆಡುತ್ತದೆ. ಇಡೀ ವರ್ಷಕ್ಕೆ ಇಡೀ ವರ್ಷ ಹೋಲಿಸಿ. ಹಳೆಯ ವರ್ಷದ ಮೊತ್ತಗಳನ್ನು ಇಂದಿನ ಬೆಲೆಗೆ ತನ್ನಿ, ಸಾಧ್ಯವಾದರೆ ಆಹಾರಕ್ಕೆ ಆಹಾರದ ಬೆಲೆಯೇರಿಕೆಯನ್ನೇ ಬಳಸಿ. ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುವ ಮನೆಯಾದರೆ ಆದಾಯದ ಬದಲು ಒಟ್ಟು ಖರ್ಚನ್ನೇ ಅಡಿಗಲ್ಲಾಗಿ ಇಟ್ಟುಕೊಳ್ಳಿ. ಸಂಶೋಧಕರೂ ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ, ಒಟ್ಟು ಖರ್ಚು ಕಾಯಂ ಆದಾಯಕ್ಕೆ ಹತ್ತಿರ ಇರುತ್ತದೆ. ಆಗ ಉಳಿತಾಯವನ್ನು ಈ ಲೆಕ್ಕದಿಂದ ಹೊರಗಿಟ್ಟು ಬೇರೆಯಾಗಿ ನೋಡಬೇಕು. ಫ್ರಿಜ್, ವಾಹನದಂಥ ದೊಡ್ಡ ಖರೀದಿಯನ್ನು ಕೊಂಡ ವರ್ಷಕ್ಕೇ ಹಾಕದೆ, ಅದು ಬಾಳುವ ವರ್ಷಗಳಿಗೆ ಹಂಚಿ. ಈ ಐದು ವರ್ಷಗಳಲ್ಲಿ ಮನೆಯ ಜನರ ಸಂಖ್ಯೆ ಬದಲಾಗಿದ್ದರೆ ತಲಾ ಲೆಕ್ಕವನ್ನೂ ಒಮ್ಮೆ ಮಾಡಿ.

ಇಷ್ಟು ಮಾಡಿ ಪ್ರತಿ ಸಾಲಿನ ಶೇಕಡಾ ಏರಿಕೆಯನ್ನು ಆದಾಯದ (ಅಥವಾ ಒಟ್ಟು ಖರ್ಚಿನ) ಶೇಕಡಾ ಏರಿಕೆಯಿಂದ ಭಾಗಿಸಿ. ಎರಡಕ್ಕಿಂತ ದೊಡ್ಡ ಸಂಖ್ಯೆ ಬಂದ ಸಾಲುಗಳ ಪಕ್ಕದಲ್ಲಿ ಒಂದು ಗುರುತು ಹಾಕಿ, ಅದು ಕಟ್ಟಿಹಾಕಿದ ಖರ್ಚೋ ಸಡಿಲ ಖರ್ಚೋ ಎಂದು ಬರೆಯಿರಿ. ಸಡಿಲವಾಗಿದ್ದರೆ, ಮುಂದಿನ ಬಾರಿ ಸಂಬಳ ಏರಿದ ತಿಂಗಳಲ್ಲೇ ಏರಿಕೆಯ ಒಂದು ಪಾಲನ್ನು ಉಳಿತಾಯಕ್ಕೆ ತಾನಾಗಿ ಹೋಗುವಂತೆ ಮಾಡಿ. ಆರು ತಿಂಗಳು ತಡಮಾಡಿದರೆ ಆ ಹಣಕ್ಕೆ ಬೇರೆ ಸಾಲು ಹುಟ್ಟಿಕೊಂಡಿರುತ್ತದೆ. ಗುರುತು ಬಿದ್ದದ್ದೆಲ್ಲ ಕಂತು, ಬಾಡಿಗೆಯಂಥ ಸಾಲುಗಳೇ ಆಗಿದ್ದರೆ ತಿಂಗಳ ಖರ್ಚಿನಲ್ಲಿ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಆ ಒಪ್ಪಂದ ಮುಗಿಯುವ ಅಥವಾ ನವೀಕರಿಸುವ ದಿನದವರೆಗೆ ಕಾಯಬೇಕಾಗುತ್ತದೆ.